ಕಾರ್ಪೆಟ್ ಕ್ಲೀನಿಂಗ್ ಕೆಲಸಕ್ಕೆ ಸರಿಯಾದ ಸ್ಪ್ರೇಯರ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಾರ್ಪೆಟ್ ಕ್ಲೀನಿಂಗ್ ಶುರು ಮಾಡುವವರು ಮಷಿನ್ ಬಗ್ಗೆ ತುಂಬಾ ವಿಚಾರಿಸುತ್ತಾರೆ. ಯಾವ ಕಂಪನಿ, ಎಷ್ಟು ಮೋಟರು, ನೀರು ಎಷ್ಟು ಚೆನ್ನಾಗಿ ಎಳೆಯುತ್ತದೆ ಅಂತ ನಾಲ್ಕು ಕಡೆ ಕೇಳುತ್ತಾರೆ. ಸ್ಪ್ರೇಯರ್ ವಿಷಯಕ್ಕೆ ಬಂದರೆ ಮಾತ್ರ ದಾರಿಯಲ್ಲಿ ಸಿಕ್ಕ ಅಂಗಡಿಯಿಂದ ಒಂದು ಎತ್ತಿಕೊಂಡು ಬಂದುಬಿಡುತ್ತಾರೆ. ಆದರೆ ಕೊಳೆ ಬಿಡಿಸುವ ಕೆಲಸದ ದೊಡ್ಡ ಪಾಲು ಮಷಿನ್ ಆನ್ ಆಗುವ ಮೊದಲೇ ನಡೆಯುತ್ತದೆ. ಕೆಮಿಕಲ್ ಸಮನಾಗಿ ಬಿತ್ತಾ, ಬೇಕಾದಷ್ಟು ಬಿತ್ತಾ, ಒಣಗದೆ ನೆನೆಯಿತಾ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಮಷಿನ್ ಎಷ್ಟೇ ಒಳ್ಳೆಯದಿರಲಿ, ಸ್ಪ್ರೇ ಬೀಳದ ಜಾಗದ ಜಿಡ್ಡನ್ನು ಬರೀ ನೀರಿನಿಂದ ಎತ್ತಲು ಆಗುವುದಿಲ್ಲ. ಒಣಗಿದ ಮೇಲೆ ಆ ಜಾಗ ಪಟ್ಟೆ ಪಟ್ಟೆಯಾಗಿ ಕಾಣಿಸುತ್ತದೆ, ಗ್ರಾಹಕರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಬೆಂಗಳೂರಿನಂಥ ಊರಲ್ಲಿ ಆಫೀಸು, ಫ್ಲಾಟು, ಹೋಟೆಲು ಅಂತ ಇಬ್ಬರು ಮೂವರು ಹುಡುಗರನ್ನು ಇಟ್ಟುಕೊಂಡು ಕೆಲಸ ನಡೆಸುವವರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ಮುಖ್ಯ ಮಾತು ಇಷ್ಟು: ಟ್ಯಾಂಕ್ ಎಷ್ಟು ಲೀಟರ್ ಅಂತ ನೋಡಿ ಸ್ಪ್ರೇಯರ್ ಕೊಳ್ಳಬೇಡಿ. ನಿಮ್ಮ ಕೆಲಸಕ್ಕೆ ಹಿಡಿಯುವ ಸಮಯ ನೋಡಿ, ಒಳಗೆ ಹಾಕುವ ಕೆಮಿಕಲ್ ನೋಡಿ, ಆಮೇಲೆ ಕೊಳ್ಳಿ.

ಹೆಜ್ಜೆ 1: ನಿಮ್ಮ ಕೆಲಸದ ವೇಗ ಅಳೆಯಿರಿ

ವ್ಯಾಕ್ಯೂಮ್ ಮಾಡಿ ಒಣ ಧೂಳು ತೆಗೆದ ಮೇಲೆ ಕಾರ್ಪೆಟ್ ಮೇಲೆ ಹೊಡೆಯುವ ಕೆಮಿಕಲ್ ನೀರಿಗೆ ಪ್ರಿ-ಸ್ಪ್ರೇ ಅನ್ನುತ್ತೇವೆ. ಅದು ಜಿಡ್ಡನ್ನು ಸಡಿಲ ಮಾಡಲು ಸಾಮಾನ್ಯವಾಗಿ 10ರಿಂದ 15 ನಿಮಿಷ ಬೇಕು. ಅಷ್ಟರಲ್ಲಿ ಒಣಗಬಾರದು. ಒಣಗಿಬಿಟ್ಟರೆ ಸಡಿಲಾದ ಜಿಡ್ಡು ಮತ್ತೆ ನಾರಿಗೆ ಅಂಟಿಕೊಳ್ಳುತ್ತದೆ. ಸೋಪಿನ ಅಂಶವೂ ಅಲ್ಲೇ ಉಳಿದು, ಕೆಲವೇ ದಿನದಲ್ಲಿ ಅದೇ ಜಾಗ ಧೂಳು ಹಿಡಿಯುತ್ತದೆ. ಎಸಿ ಓಡುತ್ತಿರುವ ಆಫೀಸಿನಲ್ಲಿ, ಫ್ಯಾನ್ ಕೆಳಗೆ, ಬಿಸಿಲು ಬೀಳುವ ಕಿಟಕಿ ಪಕ್ಕ ಇದು ಇನ್ನೂ ಬೇಗ ಒಣಗುತ್ತದೆ.

ಆದ್ದರಿಂದ ಒಂದೇ ಸಲಕ್ಕೆ ಎಷ್ಟು ಜಾಗಕ್ಕೆ ಸ್ಪ್ರೇ ಮಾಡಬಹುದು ಅನ್ನುವುದನ್ನು ಸ್ಪ್ರೇಯರ್ ತೀರ್ಮಾನ ಮಾಡುವುದಿಲ್ಲ, ನಿಮ್ಮ ಮಷಿನ್ ತೀರ್ಮಾನ ಮಾಡುತ್ತದೆ. ನಿಮ್ಮ ಎಕ್ಸ್‌ಟ್ರಾಕ್ಟರ್ (ನೀರು ಹೊಡೆದು ಕೊಳೆ ಸಮೇತ ಎಳೆಯುವ ಮಷಿನ್) 10 ಅಡಿಗೆ 10 ಅಡಿ, ಅಂದರೆ 100 ಚದರ ಅಡಿ ಮುಗಿಸಲು 12 ನಿಮಿಷ ತಗೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ನೀವು ಒಮ್ಮೆಗೇ 600 ಚದರ ಅಡಿಗೆ ಸ್ಪ್ರೇ ಹೊಡೆದರೆ ಕೊನೆಯ ಮೂಲೆಗೆ ಮಷಿನ್ ತಲುಪುವ ಹೊತ್ತಿಗೆ ಒಂದು ಗಂಟೆ ಆಗಿರುತ್ತದೆ. ಅಲ್ಲಿ ಕೆಮಿಕಲ್ ಒಣಗಿ ಕೂತಿರುತ್ತದೆ. ಇಂಥ ಕೆಲಸಕ್ಕೆ ಒಂದು ತುಂಡು ತೊಳೆಯುವಾಗ ಮುಂದಿನ ತುಂಡಿಗೆ ಸ್ಪ್ರೇ ಮಾಡಿಕೊಂಡು ಹೋಗುವುದೇ ಸರಿ. 5 ಲೀಟರ್‌ನ ಕೈ ಪಂಪು ಧಾರಾಳ ಸಾಕು.

ಎನ್‌ಕ್ಯಾಪ್ಸುಲೇಷನ್ (ಕೊಳೆಯನ್ನು ಸುತ್ತಿಕೊಂಡು ಒಣಗುವ ಕೆಮಿಕಲ್ ಹೊಡೆದು, ಆಮೇಲೆ ವ್ಯಾಕ್ಯೂಮ್ ಮಾಡುವುದು) ಅಥವಾ ಬಾನೆಟ್ ಪ್ಯಾಡ್ (ತಿರುಗುವ ಪ್ಯಾಡ್‌ನಿಂದ ಕೊಳೆ ಒರೆಸುವುದು) ಕೆಲಸದ ಲೆಕ್ಕ ಬೇರೆ. ಅಲ್ಲಿ ನೀರು ಎಳೆಯುವ ಕೆಲಸ ಇಲ್ಲ, ಬ್ರಷ್ ಮಷಿನ್ ಸರಸರ ಮುಂದೆ ಹೋಗುತ್ತದೆ. ಐಟಿ ಆಫೀಸಿನ ಒಂದು ಫ್ಲೋರ್‌ನಲ್ಲಿ ರಾತ್ರಿ ಕೆಲಸ ಹಿಡಿದಿದ್ದೀರಿ, ಬೆಳಗ್ಗೆ ಜನ ಬರುವಷ್ಟರಲ್ಲಿ ಮುಗಿಸಬೇಕು ಅಂದರೆ ಸ್ಪ್ರೇ ಮಾಡುವವನು ಮಷಿನ್‌ಗಿಂತ ಮುಂದೆ ಓಡುತ್ತಿರಬೇಕು. ಕೈ ಪಂಪು ಹಿಡಿದವನು ಐದೈದು ನಿಮಿಷಕ್ಕೆ ಕೂತು ಗಾಳಿ ಹೊಡೆಯುತ್ತಿದ್ದರೆ ಮಷಿನ್ ಸುಮ್ನೆ ನಿಲ್ಲುತ್ತದೆ. ಇಲ್ಲಿ ಬ್ಯಾಟರಿ ಸ್ಪ್ರೇಯರ್‌ಗೆ ಕೊಟ್ಟ ದುಡ್ಡು ದಂಡ ಅಲ್ಲ.

ಈಗ ಎಷ್ಟು ದ್ರವ ಬೇಕು ಅನ್ನುವ ಲೆಕ್ಕ. ಸಾಧಾರಣ ಕೊಳೆಯಾದ ಮನೆ ಕಾರ್ಪೆಟ್‌ಗೆ 100 ಚದರ ಅಡಿಗೆ 1ರಿಂದ 1.5 ಲೀಟರ್ ಬೆರೆಸಿದ ದ್ರವ ಅಂತ ಇಟ್ಟುಕೊಳ್ಳಿ. ಆಫೀಸಿನ ಗಿಡ್ಡ ನಾರಿನ ಕಾರ್ಪೆಟ್ ಟೈಲ್‌ಗೆ ಇದಕ್ಕಿಂತ ಕಡಿಮೆ ಸಾಕು. ಜಾಸ್ತಿ ಸುರಿದರೆ ಟೈಲ್ ಕೀಲುಗಳಲ್ಲಿ ನೀರು ಇಳಿದು ಅಂಚು ಏಳುವ ಅಪಾಯ ಇದೆ. ಇದು ಅಂದಾಜು ಅಷ್ಟೆ, ಕೆಮಿಕಲ್ ಡಬ್ಬಿ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಅಂತಿಮ.

ಹೆಜ್ಜೆ 2: ಯಾವ ಬಗೆಯ ಸ್ಪ್ರೇಯರ್ ಅಂತ ತೀರ್ಮಾನಿಸಿ

ಟ್ರಿಗರ್ ಬಾಟಲಿ. ಅರ್ಧ ಲೀಟರ್, ಒಂದು ಲೀಟರ್‌ನ ಕೈ ಬಾಟಲಿ. ಕಲೆ ತೆಗೆಯಲು ಮಾತ್ರ. ಒಂದೊಂದು ಕೆಮಿಕಲ್‌ಗೆ ಒಂದೊಂದು ಇರಲಿ, ಮೇಲೆ ಹೆಸರು ಬರೆದಿರಲಿ. ಸಲೂನ್‌ನಲ್ಲಿ ನೀರು ಚಿಮುಕಿಸುವ ಬಾಟಲಿ ಈ ಕೆಲಸಕ್ಕೆ ಬಾಳಿಕೆ ಬರುವುದಿಲ್ಲ, ಒಳಗಿನ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಕೆಮಿಕಲ್ ತಡೆಯುವ ಟ್ರಿಗರ್ ಅಂತಲೇ ಕೇಳಿ ತಗೊಳ್ಳಿ.

ಕೈಯಿಂದ ಗಾಳಿ ತುಂಬುವ ಪಂಪು. 2 ಲೀಟರ್‌ನದು ಸೋಫಾ, ಮೆಟ್ಟಿಲು, ಕಾರ್ ಸೀಟಿಗೆ. 5ರಿಂದ 8 ಲೀಟರ್‌ನದು ಮನೆ ಕೆಲಸಕ್ಕೆ. ಇವು ಸಾಮಾನ್ಯವಾಗಿ 2ರಿಂದ 3 ಬಾರ್ ಒತ್ತಡದಲ್ಲಿ ನಡೆಯುತ್ತವೆ. ಬ್ಯಾಟರಿ ಇಲ್ಲ, ವೈರ್ ಇಲ್ಲ, ಕೆಟ್ಟರೆ ಬಿಚ್ಚಿ ನೋಡಬಹುದು. ಕೊರತೆ ಒಂದೇ. ಟ್ಯಾಂಕ್ ಖಾಲಿಯಾಗುತ್ತಾ ಒತ್ತಡ ಇಳಿಯುತ್ತದೆ, ಅದರ ಜೊತೆ ಬೀಳುವ ದ್ರವವೂ ಕಡಿಮೆಯಾಗುತ್ತದೆ. ಕೋಣೆಯ ಆರಂಭದಲ್ಲಿ ಜಾಸ್ತಿ, ಕೊನೆಯಲ್ಲಿ ಕಡಿಮೆ ಬೀಳದಂತೆ ನೋಡಿಕೊಳ್ಳಬೇಕು ಅಂದರೆ ಒತ್ತಡ ಪೂರ್ತಿ ಇಳಿಯುವವರೆಗೆ ಕಾಯದೆ ಆಗಾಗ ಗಾಳಿ ತುಂಬುತ್ತಿರಬೇಕು. ಮೊದಲ ಸ್ಪ್ರೇಯರ್ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಒಳ್ಳೆಯ ಗುಣಮಟ್ಟದ ಎರಡು ಪಂಪು ತಗೊಳ್ಳಿ, ದೊಡ್ಡದೊಂದನ್ನೇ ತಗೊಳ್ಳಬೇಡಿ. ಯಾಕೆ ಎರಡು ಅನ್ನುವುದು ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಬ್ಯಾಟರಿ ಸ್ಪ್ರೇಯರ್. ನಮ್ಮ ಕಡೆ ತೋಟಕ್ಕೆ ಔಷಧಿ ಹೊಡೆಯುವ 16 ಲೀಟರ್‌ನ, ಬೆನ್ನಿಗೆ ಹಾಕುವ ಪಂಪು ಎಲ್ಲ ಊರಲ್ಲೂ ಸಿಗುತ್ತದೆ. ಒಳಗೆ 12 ವೋಲ್ಟ್ ಬ್ಯಾಟರಿ, ಒಂದು ಸಣ್ಣ ಡಯಾಫ್ರಾಮ್ ಪಂಪು. ಇದನ್ನೇ ಕಾರ್ಪೆಟ್ ಕೆಲಸಕ್ಕೆ ಬಳಸಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ನಾಲ್ಕು ವಿಷಯ ನೆನಪಿರಲಿ.

ಒಂದು, ಹೊಚ್ಚ ಹೊಸದನ್ನೇ ತಗೊಳ್ಳಿ. ಊರಿಂದ ತಂದ ಹಳೇ ಪಂಪು ಬೇಡವೇ ಬೇಡ. ಕಳೆನಾಶಕ, ಕೀಟನಾಶಕ ಹೊಡೆದ ಟ್ಯಾಂಕನ್ನು ಎಷ್ಟು ತೊಳೆದರೂ ಪೈಪು, ವಾಷರ್ ಒಳಗೆ ಅಂಶ ಉಳಿಯುತ್ತದೆ. ಅಂಬೆಗಾಲಿಡುವ ಮಗು ಆಡುವ ಕಾರ್ಪೆಟ್ ಮೇಲೆ ಅದನ್ನು ಹೊಡೆಯುವುದು ಅಕ್ಷಮ್ಯ. ಎರಡು, ಅದರ ಜೊತೆ ಬರುವ ನಾಝಲ್ ಬದಲಾಯಿಸಿ. ಅದು ಎಲೆ ಮೇಲೆ ಕೂರುವಂಥ ಸಣ್ಣ ಹನಿಗಾಗಿ ಮಾಡಿದ್ದು. ಮೂರು, ಭಾರ. ತುಂಬಿದ 16 ಲೀಟರ್ ಪಂಪು ಒಟ್ಟು 20 ಕೆಜಿ ದಾಟುತ್ತದೆ. ಸೋಫಾ, ಮೇಜು ಮಧ್ಯೆ ಬಗ್ಗಿ ಎದ್ದು ಮಾಡುವ ಕೆಲಸದಲ್ಲಿ ಇದು ಹುಡುಗರ ಸೊಂಟ ಮುರಿಯುತ್ತದೆ. ಅರ್ಧ ತುಂಬಿಸಿ, ಇಲ್ಲವೇ ಚಕ್ರದ ಟ್ರಾಲಿ ಮೇಲಿಟ್ಟು ಉದ್ದ ಪೈಪು ಹಾಕಿಸಿ. ನಾಲ್ಕು, ಬೆಂಕಿ ಹಿಡಿಯುವ ಸಾಲ್ವೆಂಟ್ (ಜಿಡ್ಡು ಕರಗಿಸುವ ದ್ರವ) ಯಾವುದನ್ನೂ ಬ್ಯಾಟರಿ ಸ್ಪ್ರೇಯರ್‌ಗೆ ಹಾಕಬೇಡಿ. ಮೋಟರ್ ಮತ್ತು ಸ್ವಿಚ್‌ನಲ್ಲಿ ಕಿಡಿ ಬರುತ್ತದೆ.

ಬ್ಯಾಟರಿ ಲೆಡ್-ಆಸಿಡ್ ಆದರೆ ಅಗ್ಗ, ಭಾರ ಜಾಸ್ತಿ, ಖಾಲಿ ಬಿಟ್ಟರೆ ಬೇಗ ಸಾಯುತ್ತದೆ. ಲಿಥಿಯಂ ಹಗುರ, ದುಬಾರಿ. ವಾರಕ್ಕೆ ಒಂದೆರಡು ಸಲ ಬಳಸುವವರಿಗೆ ಲೆಡ್-ಆಸಿಡ್ ನಡೆಯುತ್ತದೆ, ದಿನಾ ಬಳಸುವವರು ಲಿಥಿಯಂ ಕಡೆ ನೋಡಿ.

ಇಂಜೆಕ್ಷನ್ ಸ್ಪ್ರೇಯರ್. ಇದಕ್ಕೆ ಸ್ವಂತ ಪಂಪು ಇಲ್ಲ. ಎಕ್ಸ್‌ಟ್ರಾಕ್ಟರ್‌ನ ನೀರಿನ ಪೈಪಿಗೆ ಕ್ವಿಕ್ ಕಪ್ಲರ್ (ತಟ್ಟನೆ ಸೇರಿಸಿ ಬಿಚ್ಚುವ ಜೋಡಣೆ) ಮೂಲಕ ಸಿಕ್ಕಿಸುತ್ತೀರಿ. ಮಷಿನ್‌ನ ನೀರು ಒತ್ತಡದಲ್ಲಿ ಹಾಯುವಾಗ ಕೆಳಗಿನ ಜಗ್‌ನಿಂದ ಗಟ್ಟಿ ಕೆಮಿಕಲ್ ತಾನೇ ಎಳೆದುಕೊಂಡು ಬೆರೆಯುತ್ತದೆ. ಅಮೆರಿಕದ ಹೈಡ್ರೋ-ಫೋರ್ಸ್ ಈ ಬಗೆಯಲ್ಲಿ ಹೆಸರುವಾಸಿ. ಭಾರ ಹೊರಬೇಕಾಗಿಲ್ಲ, ಮಷಿನ್‌ನ ಬಿಸಿನೀರು ನೇರ ಸಿಗುತ್ತದೆ, ದೊಡ್ಡ ಹಾಲ್ ಸಲೀಸಾಗಿ ಮುಗಿಯುತ್ತದೆ. ಕೊಳ್ಳುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಸ್ಪ್ರೇಯರ್ ಕೇಳುವ ಕನಿಷ್ಠ ಒತ್ತಡ ಎಷ್ಟು, ನಿಮ್ಮ ಮಷಿನ್ ಕೊಡುವುದು ಎಷ್ಟು. ಸೋಫಾಕ್ಕಂತ ಮಾಡಿದ ಸಣ್ಣ ಎಕ್ಸ್‌ಟ್ರಾಕ್ಟರ್‌ಗಳ ಪಂಪು ಇದಕ್ಕೆ ಸಾಲದು. ಒತ್ತಡ ಕಡಿಮೆಯಾದರೆ ಕೆಮಿಕಲ್ ಎಳೆಯುವುದೇ ಇಲ್ಲ, ನೀವು ಬರೀ ನೀರು ಹೊಡೆಯುತ್ತಿರುತ್ತೀರಿ.

ಇಲ್ಲಿ ಬೆರೆಸುವ ಲೆಕ್ಕವೂ ಬೇರೆ, ಹೊಸಬರು ಎಡವುವುದು ಇಲ್ಲೇ. ಸ್ಪ್ರೇಯರ್ 8:1 ಅಂತ ಇದ್ದರೆ 8 ಭಾಗ ನೀರಿಗೆ ಜಗ್‌ನ ದ್ರವ 1 ಭಾಗ ಸೇರಿ ಒಟ್ಟು 9 ಭಾಗವಾಗಿ ಹೊರಬರುತ್ತದೆ. ಕೆಮಿಕಲ್ ಡಬ್ಬಿ ಲೀಟರ್‌ಗೆ 30 ಮಿಲಿ ಅಂತ ಹೇಳಿದರೆ ಜಗ್‌ನ ಪ್ರತಿ ಲೀಟರ್‌ನಲ್ಲಿ 30 × 9 = 270 ಮಿಲಿ ಕೆಮಿಕಲ್ ಇರಬೇಕು. ಮಾಮೂಲಿ ಪಂಪಿಗೆ ಬೆರೆಸಿದಂತೆ 30 ಮಿಲಿ ಹಾಕಿದರೆ ಕಾರ್ಪೆಟ್‌ಗೆ ಸೇರುವುದು ಒಂಬತ್ತರಲ್ಲಿ ಒಂದು ಪಾಲು ಮಾತ್ರ.

ಇನ್ನು ಫಾಗರ್. 2020ರ ಕೋವಿಡ್ ಸಮಯದಲ್ಲಿ ಬಹಳ ಕ್ಲೀನಿಂಗ್ ಕಂಪನಿಗಳು ಯುಎಲ್‌ವಿ, ಅಂದರೆ ದ್ರವವನ್ನು ಅತಿ ಸಣ್ಣ ಹನಿಯಾಗಿ ಹರಡುವ ಫಾಗರ್ ತಗೊಂಡವು. ಈಗ ಅದು ಮೂಲೆಯಲ್ಲಿ ಬಿದ್ದಿದೆ, ಪ್ರಿ-ಸ್ಪ್ರೇಗೆ ಬಳಸೋಣ ಅಂತ ಕೆಲವರು ಕೇಳುತ್ತಾರೆ. ಬೇಡ. ಅದರ ಹನಿ ಮಂಜಿನಷ್ಟು ಸಣ್ಣದು, ಗಾಳಿಯಲ್ಲಿ ತೇಲುತ್ತದೆ. ಕಾರ್ಪೆಟ್ ನಾರಿನೊಳಗೆ ಇಳಿಯುವ ಬದಲು ಕೆಲಸ ಮಾಡುವವರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಹೆಜ್ಜೆ 3: ಕೆಮಿಕಲ್‌ಗೆ ತಕ್ಕ ವಾಷರ್

ಸ್ಪ್ರೇಯರ್ ಕೆಟ್ಟಿತು ಅಂತ ಎಸೆಯುವ ಹತ್ತರಲ್ಲಿ ಬಹುಪಾಲಿಗೆ ಕೆಟ್ಟಿರುವುದು ಒಳಗಿನ ಒಂದು ಓ-ರಿಂಗ್, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ. ಟ್ಯಾಂಕ್ ಗಟ್ಟಿಯಾಗಿಯೇ ಇರುತ್ತದೆ. ಪಂಪಿನ ಹಿಡಿ ತಿರುಗಿಸಿ ಹೊರಗೆಳೆದು ಆ ರಿಂಗ್ ನೋಡಿ. ಸಾಲ್ವೆಂಟ್ ತಗುಲಿದ ರಬ್ಬರ್ ಊದಿಕೊಂಡು ತಾನು ಕೂರುವ ಕುಳಿಯಿಂದ ಹೊರಗೆ ಬಂದಿರುತ್ತದೆ, ಉಗುರಿನಿಂದ ಒತ್ತಿದರೆ ಮೆತ್ತಗೆ ಅಂಟು ಅಂಟಾಗಿರುತ್ತದೆ. ಇನ್ನು ಕೆಲವು ಗಟ್ಟಿಯಾಗಿ, ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು ಬಿಡುತ್ತವೆ. ಎರಡೂ ಸಂದರ್ಭದಲ್ಲಿ ಗಾಳಿ ನಿಲ್ಲುವುದಿಲ್ಲ.

ಮೂರು ಬಗೆಯ ರಬ್ಬರ್ ಸಾಮಾನ್ಯ. ನೈಟ್ರೈಲ್ ಅಗ್ಗ, ತೋಟದ ಪಂಪುಗಳಲ್ಲಿ ಇರುತ್ತದೆ. ಇಪಿಡಿಎಂ ಸೋಪಿನ ಗುಣದ, ಅಂದರೆ ಕ್ಷಾರದ ದ್ರವಕ್ಕೆ ಚೆನ್ನಾಗಿ ತಡೆಯುತ್ತದೆ, ಆದರೆ ಎಣ್ಣೆ ಮತ್ತು ಸಾಲ್ವೆಂಟ್‌ಗೆ ಊದಿಕೊಳ್ಳುತ್ತದೆ. ವೈಟಾನ್ ಆಸಿಡ್‌ಗೂ ಬಹಳಷ್ಟು ಸಾಲ್ವೆಂಟ್‌ಗೂ ತಡೆಯುತ್ತದೆ, ಬಿಸಿಯಾದ ಗಟ್ಟಿ ಕ್ಷಾರಕ್ಕೆ ಅಷ್ಟು ಒಳ್ಳೆಯದಲ್ಲ.

ನಮ್ಮ ಕೆಲಸಕ್ಕೆ ಇದನ್ನು ಹೀಗೆ ಹೊಂದಿಸಿ. ಮಾಮೂಲಿ ಪ್ರಿ-ಸ್ಪ್ರೇಗಳು ಹೆಚ್ಚಾಗಿ ಪಿಎಚ್ 9ರಿಂದ 11ರ ನಡುವೆ, ಅಂದರೆ ಕ್ಷಾರದ ಕಡೆ, ಇರುತ್ತವೆ. ಅವಕ್ಕೆ ಇಪಿಡಿಎಂ ಇರುವ ಪಂಪು ಸರಿ. ಕೊನೆಗೆ ಹೊಡೆಯುವ ಆಸಿಡ್ ರಿನ್ಸ್‌ಗೆ, ಚೂಯಿಂಗ್ ಗಮ್, ಗ್ರೀಸ್ ತೆಗೆಯುವ ಕಿತ್ತಳೆ ವಾಸನೆಯ ಸಿಟ್ರಸ್ ದ್ರವಕ್ಕೆ ವೈಟಾನ್ ಇರಲಿ. ಆ ಕಿತ್ತಳೆ ವಾಸನೆ ಕೊಡುವ ಡಿ-ಲಿಮೊನೀನ್ ಇಪಿಡಿಎಂ ರಿಂಗನ್ನು ಬೇಗ ಊದಿಸಿಬಿಡುತ್ತದೆ. ಎರಡು ಪಂಪು ತಗೊಳ್ಳಿ ಅಂದಿದ್ದು ಇದಕ್ಕೇ. ಒಂದಕ್ಕೆ ನೀಲಿ ಟೇಪ್, ಇನ್ನೊಂದಕ್ಕೆ ಕೆಂಪು ಟೇಪ್ ಸುತ್ತಿ. ಹುಡುಗರಿಗೆ ಬಣ್ಣ ನೋಡಿದರೆ ಸಾಕು, ಯಾವುದರಲ್ಲಿ ಏನು ಅಂತ ಗೊತ್ತಾಗುತ್ತದೆ.

ಕಲೆ ಹಿಡಿಯದಂತೆ ಕಡೆಯಲ್ಲಿ ಹೊಡೆಯುವ ಪ್ರೊಟೆಕ್ಟರ್‌ಗೆ ಮೂರನೆಯ ಪಂಪೇ ಬೇಕು. ಪ್ರಿ-ಸ್ಪ್ರೇಯ ಸೋಪು ಚೂರು ಉಳಿದಿದ್ದರೂ ಪ್ರೊಟೆಕ್ಟರ್ ಸರಿಯಾಗಿ ಕೂರುವುದಿಲ್ಲ. ಅದನ್ನು ಪಂಪಿನಲ್ಲಿ ಹಾಗೇ ಬಿಟ್ಟರೆ ನಾಝಲ್ ಕಟ್ಟಿಕೊಳ್ಳುತ್ತದೆ.

ಅಂಗಡಿಯಲ್ಲಿ ವಾಷರ್ ಯಾವುದು ಅಂತ ಕೇಳಿದರೆ, "ಸಾರ್, ಇದು ಎಲ್ಲದಕ್ಕೂ ಆಗತ್ತೆ" ಅಂತಾರೆ. ಎಲ್ಲದಕ್ಕೂ ಆಗುವ ವಾಷರ್ ಇಲ್ಲ. ಪೆಟ್ಟಿಗೆ ಮೇಲೆ ಅಥವಾ ಒಳಗಿನ ಕಾಗದದಲ್ಲಿ ರಬ್ಬರ್ ಹೆಸರು ಬರೆದಿರುವುದನ್ನೇ ತಗೊಳ್ಳಿ. ಸ್ಪೇನ್‌ನ ಗೋಯ್ಸ್‌ಪರ್ ಕಂಪನಿಯ ಐಕೆ, ಜರ್ಮನಿಯ ಗ್ಲೋರಿಯಾ ಇಂಥವು ಕ್ಲೀನಿಂಗ್ ಮತ್ತು ಕಾರ್ಖಾನೆ ಕೆಲಸಕ್ಕೆಂದೇ ಪಂಪು ಮಾಡುತ್ತವೆ, ಯಾವುದಕ್ಕೆ ಯಾವ ಸೀಲ್ ಅಂತ ಬರೆದಿರುತ್ತವೆ. ತೋಟದ ಪಂಪಿಗಿಂತ ಬೆಲೆ ಜಾಸ್ತಿ, ಆದರೆ ಬಿಡಿ ಭಾಗ ಬೇರೆಯಾಗಿ ಸಿಗುತ್ತದೆ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಇನ್ನೆರಡು ಎಚ್ಚರಿಕೆ, ಇವನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿ. ಪೆರಾಕ್ಸೈಡ್ ಇರುವ ಕೆಮಿಕಲ್ ಬೆರೆಸಿ ಮುಚ್ಚಿದ ಪಂಪಿನಲ್ಲಿ ರಾತ್ರಿ ಬಿಡಬಾರದು. ಅದು ತಾನಾಗಿ ಆಮ್ಲಜನಕ ಬಿಡುತ್ತದೆ, ಒಳಗೆ ಒತ್ತಡ ಏರುತ್ತಾ ಹೋಗಿ ಟ್ಯಾಂಕ್ ಸಿಡಿಯಬಹುದು. ಬೇಕಾದಷ್ಟೇ ಬೆರೆಸಿ, ಮುಗಿಸಿ, ಉಳಿದಿದ್ದನ್ನು ಖಾಲಿ ಮಾಡಿ ಮುಚ್ಚಳ ಸಡಿಲ ಬಿಡಿ. ಎರಡನೆಯದು, ಬ್ಲೀಚ್ ಇದ್ದ ಪಂಪಿಗೆ ಆಸಿಡ್ ಹಾಕಬಾರದು. ವಿಷದ ಕ್ಲೋರಿನ್ ಗ್ಯಾಸ್ ಏಳುತ್ತದೆ.

ಬಿಸಿನೀರಿನ ಬಗ್ಗೆಯೂ ಕೇಳುತ್ತಾರೆ. ಬಿಸಿಯಾದಷ್ಟೂ ಜಿಡ್ಡು ಬೇಗ ಬಿಡುತ್ತದೆ ನಿಜ. ಆದರೆ ಪ್ಲಾಸ್ಟಿಕ್ ಪಂಪುಗಳಿಗೆ ಇಂತಿಷ್ಟೇ ಡಿಗ್ರಿ ಅಂತ ಮಿತಿ ಇರುತ್ತದೆ, ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗೀಸರ್‌ನಿಂದ ಸುಡುವ ನೀರು ಹಿಡಿದು ಮುಚ್ಚಿದರೆ ಟ್ಯಾಂಕ್ ಮೆತ್ತಗಾಗಿ ಒತ್ತಡ ತಡೆಯುವುದಿಲ್ಲ. ಕೈ ಮುಳುಗಿಸಲು ಹಿತವಾದ ಬೆಚ್ಚಗಿನ ನೀರು ಸಾಕು.

ಹೆಜ್ಜೆ 4: ನಾಝಲ್

ಇಡೀ ಸ್ಪ್ರೇಯರ್‌ನಲ್ಲಿ ಅತಿ ಸಣ್ಣ, ಅತಿ ಅಗ್ಗದ ಭಾಗ ಇದು. ಕೆಲಸದ ಗುಣಮಟ್ಟ ನಿಂತಿರುವುದೂ ಇದರ ಮೇಲೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಾರ್ಪೆಟ್‌ಗೆ ಬೇಕಾದದ್ದು ಚಪ್ಪಟೆ ಬೀಸಣಿಗೆ ಆಕಾರದ ಸ್ಪ್ರೇ, ಅಂದರೆ ಫ್ಲಾಟ್ ಫ್ಯಾನ್ ನಾಝಲ್. ಕೋನ್ ನಾಝಲ್ ಗುಂಡಗೆ, ಸಣ್ಣ ಹನಿಯಾಗಿ ಬೀಳುತ್ತದೆ, ಎರಡು ಸಲದ ಹೊಡೆತ ಒಂದರ ಪಕ್ಕ ಒಂದು ಸರಿಯಾಗಿ ಕೂರುವುದಿಲ್ಲ. ಫ್ಲಾಟ್ ಫ್ಯಾನ್ ನಾಝಲ್ ಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ. 8002 ಅಂತ ಇದ್ದರೆ ಮೊದಲ 80 ಅನ್ನುವುದು ಬೀಸಣಿಗೆ ಬಿಚ್ಚುವ ಕೋನ, 80 ಡಿಗ್ರಿ. ಕೊನೆಯ 02 ಅದರಿಂದ ಹರಿಯುವ ಪ್ರಮಾಣ. 3 ಬಾರ್ ಒತ್ತಡದಲ್ಲಿ 02 ನಾಝಲ್ ನಿಮಿಷಕ್ಕೆ ಸುಮಾರು 0.8 ಲೀಟರ್ ಬಿಡುತ್ತದೆ, 03 ಸುಮಾರು 1.2 ಲೀಟರ್, 04 ಸುಮಾರು 1.6 ಲೀಟರ್. ಅಂತರರಾಷ್ಟ್ರೀಯ ಐಎಸ್‌ಒ ಬಣ್ಣದ ಪದ್ಧತಿಯಲ್ಲಿ 02 ಹಳದಿ, 03 ನೀಲಿ, 04 ಕೆಂಪು. ಇದು ಗೊತ್ತಿದ್ದರೆ ಅಂಗಡಿಯಲ್ಲಿ ಪ್ಲಾಸ್ಟಿಕ್ ನಾಝಲ್ ಬಣ್ಣ ನೋಡಿಯೇ ಹೇಳಬಹುದು.

ಕೋನದಿಂದ ಅಗಲದ ಲೆಕ್ಕ ಸಿಗುತ್ತದೆ. ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದರೆ 80 ಡಿಗ್ರಿ ನಾಝಲ್ ಸುಮಾರು 50 ಸೆಂಟಿಮೀಟರ್ ಅಗಲದ ಪಟ್ಟಿ ಹೊಡೆಯುತ್ತದೆ, 110 ಡಿಗ್ರಿಯದು ಸುಮಾರು 85 ಸೆಂಟಿಮೀಟರ್. ಮನೆಯೊಳಗೆ ನನಗೆ 80 ಡಿಗ್ರಿಯೇ ಹಿತ. ಗೋಡೆ ಅಂಚಿನಲ್ಲಿ, ಮಂಚದ ಕಾಲಿನ ಹತ್ತಿರ ಹಿಡಿತ ಚೆನ್ನಾಗಿರುತ್ತದೆ. ದೊಡ್ಡ ಹಾಲ್‌ನಲ್ಲಿ 110 ಡಿಗ್ರಿ ಬೇಗ ಮುಗಿಸುತ್ತದೆ. ಯಾವುದೇ ಆಗಲಿ, ಪಟ್ಟಿಯ ಎರಡೂ ಅಂಚಿನಲ್ಲಿ ದ್ರವ ತೆಳುವಾಗಿ ಬೀಳುತ್ತದೆ. ಆದ್ದರಿಂದ ಪ್ರತಿ ಹೊಡೆತವೂ ಹಿಂದಿನದರ ಅರ್ಧದಷ್ಟು ಭಾಗವನ್ನು ಮುಚ್ಚಿಕೊಂಡು ಹೋಗಬೇಕು.

ದ್ರವ ಸಾಲುತ್ತಿಲ್ಲ ಅನ್ನಿಸಿದರೆ ಹುಡುಗರು ಮೊದಲು ಒತ್ತಡ ಏರಿಸುತ್ತಾರೆ. ಇದರಿಂದ ಲಾಭ ಕಡಿಮೆ. ಹರಿವು ಎರಡು ಪಟ್ಟಾಗಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು. ಒತ್ತಡ ಏರಿದಂತೆ ಹನಿ ಸಣ್ಣದಾಗಿ ಮೂಗು ಉರಿಯುವ ಮಂಜು ಏಳುತ್ತದೆ. ಬದಲಿಗೆ ಒಂದು ನಂಬರ್ ದೊಡ್ಡ ನಾಝಲ್ ಹಾಕಿ, ಒತ್ತಡ ಕಡಿಮೆ ಇಡಿ. ಹನಿ ದಪ್ಪಗಿದ್ದಷ್ಟೂ ನಾರಿನ ಬುಡಕ್ಕೆ ಇಳಿಯುತ್ತದೆ, ಗಾಳಿಗೂ ಹಾರುವುದಿಲ್ಲ. ಹೀಗಿದ್ದರೂ ಕನ್ನಡಕ, ಗ್ಲೌಸ್, ಮಾಸ್ಕ್ ಬಿಡಬಾರದು. ಬಟ್ಟೆ ಮಾಸ್ಕ್ ಸಾಲ್ವೆಂಟ್ ಆವಿಯನ್ನು ತಡೆಯುವುದಿಲ್ಲ, ಅಂಥ ಕೆಲಸಕ್ಕೆ ಕಿಟಕಿ ತೆರೆಯಲೇಬೇಕು.

ಹಿತ್ತಾಳೆ ನಾಝಲ್ ನೋಡಲು ಗಟ್ಟಿ ಅನ್ನಿಸುತ್ತದೆ, ಆದರೆ ಸ್ಟೀಲ್‌ಗಿಂತ ಬೇಗ ಸವೆಯುತ್ತದೆ, ಆಸಿಡ್ ರಿನ್ಸ್‌ಗೂ ಆಗದು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಒಳ್ಳೆಯ ಪ್ಲಾಸ್ಟಿಕ್ ತಗೊಳ್ಳಿ. ಕೊಳ್ಳಲು ಹೋಗುವಾಗ ನಿಮ್ಮ ಪಂಪಿನ ಉದ್ದ ಕೋಲನ್ನೇ ಕೈಯಲ್ಲಿ ಹಿಡಿದು ಹೋಗಿ. ಕಂಪನಿಯಿಂದ ಕಂಪನಿಗೆ ಥ್ರೆಡ್ ಬೇರೆ ಇರುತ್ತದೆ, ಅಲ್ಲೇ ತಿರುಗಿಸಿ ನೋಡಿದರೆ ಮತ್ತೆ ಓಡಾಡುವುದು ತಪ್ಪುತ್ತದೆ.

ಹೆಜ್ಜೆ 5: ಅಂಗಡಿಯಲ್ಲಿ ನಿಂತು ಪರೀಕ್ಷೆ

ಬೆಂಗಳೂರಿನವರಾದರೆ ಎಸ್‌ಜೆಪಿ ರೋಡ್ ಸುತ್ತಮುತ್ತ ಪಂಪು, ಪೈಪು, ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ. ಆನ್‌ಲೈನ್‌ಗಿಂತ ಒಂದು ಸಲ ಕೈಯಲ್ಲಿ ಹಿಡಿದು ನೋಡಿ ತಗೊಳ್ಳುವುದು ಮೇಲು.

ಟ್ಯಾಂಕ್ ಬಾಯಿ ಅಗಲ ಇದೆಯಾ ನೋಡಿ. ಅಪಾರ್ಟ್‌ಮೆಂಟಿನ ಬಾತ್‌ರೂಮ್‌ನಲ್ಲಿ ಮಗ್‌ನಿಂದ ನೀರು ತುಂಬಿಸಬೇಕಾಗುತ್ತದೆ. ಒಳಗಿನ ಮಟ್ಟ ಹೊರಗೆ ಕಾಣಬೇಕು, ಲೀಟರ್ ಗೆರೆ ಇರಬೇಕು. ಕೈಯಿಂದ ಎಳೆದು ಗಾಳಿ ಬಿಡುವ ಸೇಫ್ಟಿ ವಾಲ್ವ್ ಇಲ್ಲದ ಪಂಪು ಬೇಡ, ಇದರಲ್ಲಿ ರಾಜಿ ಇಲ್ಲ. ಟ್ರಿಗರ್ ಒತ್ತಿ ಲಾಕ್ ಮಾಡಲು ಬರಬೇಕು, ಇಲ್ಲದಿದ್ದರೆ ರಾತ್ರಿಯ ಕೆಲಸ ಮುಗಿಯುವಷ್ಟರಲ್ಲಿ ಹೆಬ್ಬೆರಳು ಮರಗಟ್ಟುತ್ತದೆ. ಕೋಲು ಉದ್ದ ಇದ್ದಷ್ಟೂ ಬೆನ್ನು ಬಗ್ಗುವುದು ಕಡಿಮೆ. ಹಿಡಿಯೊಳಗೆ ಫಿಲ್ಟರ್ ಜಾಲರಿ ಇದೆಯಾ, ಬಿಚ್ಚಲು ಬರುತ್ತದಾ ನೋಡಿ.

ಆಮೇಲೆ ಅಂಗಡಿಯವರನ್ನು ಕೇಳಿ ಸ್ವಲ್ಪ ನೀರು ಹಾಕಿ ಗಾಳಿ ತುಂಬಿಸಿ, ಐದು ನಿಮಿಷ ಹಾಗೇ ಬಿಡಿ. ಮುಚ್ಚಳದ ಸುತ್ತ, ಪೈಪು ಸೇರುವಲ್ಲಿ ಬೆರಳಾಡಿಸಿ ನೋಡಿ. ಟ್ರಿಗರ್ ಬಿಟ್ಟ ಮೇಲೂ ತುದಿಯಿಂದ ಹನಿ ಬೀಳುತ್ತಿದ್ದರೆ ಅದು ಬೇಡ. ಗ್ರಾಹಕರ ಮನೆಯಲ್ಲಿ ಆ ಹನಿ ಬೀಳುವುದು ಮರದ ನೆಲದ ಮೇಲೋ ಮಾರ್ಬಲ್ ಮೇಲೋ ಆಗಿರುತ್ತದೆ. ಕೊನೆಗೆ, ಓ-ರಿಂಗ್ ಸೆಟ್ ಬೇರೆಯಾಗಿ ಸಿಗುತ್ತದಾ ಅಂತ ಕೇಳಿ. ಸಿಗುವುದಾದರೆ ಅವತ್ತೇ ಒಂದು ಸೆಟ್ ತಗೊಂಡುಬಿಡಿ.

ಹೆಜ್ಜೆ 6: ಮೊದಲ ಕೆಲಸಕ್ಕೆ ಮುಂಚೆ ಅಳತೆ

ಮನೆ ಮುಂದಿನ ಒಣ ಸಿಮೆಂಟ್ ನೆಲ ಇದಕ್ಕೆ ಒಳ್ಳೆಯ ಜಾಗ. ಬರೀ ನೀರು ತುಂಬಿಸಿ, 30 ಸೆಂಟಿಮೀಟರ್ ಎತ್ತರದಲ್ಲಿ ಕೋಲು ಹಿಡಿದು ಒಂದೇ ವೇಗದಲ್ಲಿ ಒಂದು ಪಟ್ಟಿ ಹೊಡೆಯಿರಿ. ಈಗ ಕೂತು, ಪಟ್ಟಿ ಒಣಗುವುದನ್ನು ನೋಡಿ. ಎಲ್ಲ ಕಡೆ ಒಟ್ಟಿಗೆ ಒಣಗಿದರೆ ನಾಝಲ್ ಚೆನ್ನಾಗಿದೆ. ಮಧ್ಯದಲ್ಲಿ ಒಂದು ಗೆರೆ ಕಪ್ಪಗೆ ಉಳಿದುಕೊಂಡರೆ ಅಲ್ಲಿ ಜಾಸ್ತಿ ಬೀಳುತ್ತಿದೆ. ಒಂದು ಕಡೆ ಬೇಗ ಬೆಳ್ಳಗಾದರೆ ಆ ಬದಿ ಕಟ್ಟಿಕೊಂಡಿದೆ. ಕಾರ್ಪೆಟ್ ಮೇಲೆ ಇದು ಕಣ್ಣಿಗೆ ಕಾಣುವುದಿಲ್ಲ, ಸಿಮೆಂಟ್ ಎಲ್ಲವನ್ನೂ ತೋರಿಸಿಬಿಡುತ್ತದೆ.

ಆಮೇಲೆ ಒಂದು ಅಳತೆ ಜಗ್‌ಗೆ ಸರಿಯಾಗಿ ಒಂದು ನಿಮಿಷ ಸ್ಪ್ರೇ ಮಾಡಿ, ಎಷ್ಟು ಮಿಲಿ ಬಂತು ಅಂತ ಪಂಪಿನ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಮೂರನೆಯದಾಗಿ, ಸೀಮೆಸುಣ್ಣದಲ್ಲಿ 10 ಅಡಿಗೆ 10 ಅಡಿ ಚೌಕ ಬರೆದು ನಿಮ್ಮ ಮಾಮೂಲಿ ನಡಿಗೆಯಲ್ಲಿ ಪೂರ್ತಿ ಹೊಡೆಯಿರಿ. ಎಷ್ಟು ನಿಮಿಷ ಆಯಿತು ನೋಡಿ, ಜಗ್‌ನ ಅಂಕಿಯಿಂದ ಗುಣಿಸಿ. ನಿಮಿಷಕ್ಕೆ 800 ಮಿಲಿ ಬರುವ ಪಂಪಿನಲ್ಲಿ ಒಂದೂವರೆ ನಿಮಿಷ ಹಿಡಿಯಿತು ಅಂದರೆ 1.2 ಲೀಟರ್ ಬಿದ್ದಿದೆ, ಸರಿಯಾಗಿದೆ. ಜಾಸ್ತಿಯಾದರೆ ವೇಗವಾಗಿ ನಡೆಯಿರಿ ಅಥವಾ ಸಣ್ಣ ನಾಝಲ್ ಹಾಕಿ. ಒಬ್ಬೊಬ್ಬ ಹುಡುಗನ ನಡಿಗೆ ಒಂದೊಂದು ತರಹ, ಆದ್ದರಿಂದ ಪ್ರತಿಯೊಬ್ಬರ ಕೈಲೂ ಇದನ್ನು ಮಾಡಿಸಿ.

ಇಂಜೆಕ್ಷನ್ ಸ್ಪ್ರೇಯರ್ ಇದ್ದರೆ ಬಕೆಟ್ ಪರೀಕ್ಷೆ ಮಾಡಿ. ಜಗ್‌ಗೆ ಅಳೆದು ನೀರು ಹಾಕಿ, ಬಕೆಟ್‌ಗೆ 9 ಲೀಟರ್ ಬರುವವರೆಗೆ ಹೊಡೆಯಿರಿ. ಜಗ್‌ನಿಂದ 1 ಲೀಟರ್ ಖಾಲಿಯಾಗಿದ್ದರೆ 8:1 ನಿಜ. ಮಷಿನ್ ಬದಲಾದರೆ, ಪೈಪು ಉದ್ದ ಮಾಡಿದರೆ ಈ ಅಂಕಿಯೂ ಬದಲಾಗುತ್ತದೆ.

ಕಾರ್ಪೆಟ್ ನೋಡಿ ಕೈ ಹಗುರ ಮಾಡಿ

ಆಫೀಸಿನ ನೈಲಾನ್, ಪಾಲಿಪ್ರೊಪಿಲೀನ್ ಕಾರ್ಪೆಟ್ ಬಹಳಷ್ಟು ತಡೆಯುತ್ತವೆ. ಉಣ್ಣೆಗೆ ಜೋರು ಕ್ಷಾರ ಹೊಡೆಯಬಾರದು, ನಾರು ಹಾಳಾಗಿ ಹಳದಿ ತಿರುಗಬಹುದು. ಅದಕ್ಕೆಂದೇ ಬರುವ ಸೌಮ್ಯ ಕೆಮಿಕಲ್, ಸಣ್ಣ ನಾಝಲ್, ಕಡಿಮೆ ದ್ರವ. ವಿಸ್ಕೋಸ್ ರಗ್ ರೇಷ್ಮೆಯಂತೆ ಹೊಳೆಯುತ್ತದೆ, ಒದ್ದೆಯಾದರೆ ಗಟ್ಟಿಯಾಗಿ ಹಳದಿಯಾಗುತ್ತದೆ. ಅನುಭವ ಇಲ್ಲದವರು ಆ ಕೆಲಸ ಒಪ್ಪಿಕೊಳ್ಳದಿರುವುದೇ ಒಳ್ಳೆಯದು.

ನಮ್ಮ ನವಲಗುಂದದ ಜಮಖಾನ ಕೆಲವು ಮನೆಗಳಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳು ಕೈಯಲ್ಲಿ ನೇಯ್ದ ಹತ್ತಿಯ ಜಮಖಾನ, ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದದ್ದು. ಗಾಢ ಬಣ್ಣಗಳ ಹತ್ತಿ ಆದ್ದರಿಂದ ಸ್ಪ್ರೇ ಮಾಡುವ ಮೊದಲು ಪ್ರತಿ ಬಣ್ಣದ ಮೇಲೂ ಟ್ರಿಗರ್ ಬಾಟಲಿಯಿಂದ ಒಂದು ಹನಿ ಹಾಕಿ, ಬಿಳಿ ಬಟ್ಟೆಯಿಂದ ಹತ್ತು ಸೆಕೆಂಡ್ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಸ್ಪ್ರೇಯರ್ ಒಳಗಿಡಿ. ಇದೇ ಪರೀಕ್ಷೆ ಕಾಶ್ಮೀರದ ಕಾರ್ಪೆಟ್‌ಗೂ ಬೇಕು.

ಮಾರ್ಬಲ್ ನೆಲದ ಫ್ಲಾಟಿನಲ್ಲಿ ಆಸಿಡ್ ರಿನ್ಸ್ ಹೊಡೆಯುವಾಗ ಕಾರ್ಪೆಟ್ ಅಂಚಿಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಆಸಿಡ್ ಬಿದ್ದ ಮಾರ್ಬಲ್ ಹೊಳಪು ಕಳೆದುಕೊಳ್ಳುತ್ತದೆ, ಒರೆಸಿದರೆ ಹೋಗುವಂಥದ್ದಲ್ಲ, ಪಾಲಿಷ್ ಮಾಡಿಸಬೇಕಾಗುತ್ತದೆ.

ಬಾಳಿಕೆ ಬರಬೇಕಾದರೆ

ಕೆಲಸ ಮುಗಿದ ಮೇಲೆ ಒತ್ತಡ ಬಿಡಿ, ಉಳಿದದ್ದನ್ನು ಖಾಲಿ ಮಾಡಿ, ಎರಡು ಸಲ ನೀರು ಹಾಕಿ ಕುಲುಕಿ. ಒಂದು ನಿಮಿಷ ಕೋಲಿನ ಮೂಲಕ ಶುದ್ಧ ನೀರು ಹೊಡೆಯಿರಿ. ಟ್ಯಾಂಕ್ ತೊಳೆದು ಪೈಪು ಮರೆಯುವವರೇ ಹೆಚ್ಚು, ಕೆಮಿಕಲ್ ಒಣಗಿ ಕಟ್ಟುವುದು ಪೈಪಿನೊಳಗೇ. ಆಮೇಲೆ ಮುಚ್ಚಳ ತೆಗೆದು ಬೋರಲು ಹಾಕಿ.

ಬೋರ್‌ವೆಲ್, ಟ್ಯಾಂಕರ್ ನೀರು ಬಳಸುವ ಏರಿಯಾಗಳಲ್ಲಿ ನಾಝಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಗಡಸು ನೀರಿನ ಕೆಲಸ ಅದು. ಲೀಟರ್ ನೀರಿಗೆ 10ರಿಂದ 20 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಬೆರೆಸಿ ಪ್ಲಾಸ್ಟಿಕ್ ಅಥವಾ ಸ್ಟೀಲ್ ನಾಝಲ್ ನೆನೆಹಾಕಿ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಪಿನ್, ತಂತಿ ತೂರಿಸಬೇಡಿ, ತೂತಿನ ಆಕಾರ ಕೆಟ್ಟರೆ ಬೀಸಣಿಗೆ ಓರೆಯಾಗುತ್ತದೆ. ಬಾಯಿಟ್ಟು ಊದುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಓ-ರಿಂಗ್‌ಗೆ ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಗಾಡಿ ಗ್ರೀಸ್ ಹಚ್ಚಿದರೆ ಇಪಿಡಿಎಂ ಊದಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಜಗ್ ಪರೀಕ್ಷೆ ಮತ್ತೆ ಮಾಡಿ, ಪಂಪಿನ ಮೇಲೆ ಬರೆದಿಟ್ಟ ಅಂಕಿಗಿಂತ ಶೇ. 10ರಷ್ಟು ಜಾಸ್ತಿ ಬರುತ್ತಿದ್ದರೆ ನಾಝಲ್ ಸವೆದಿದೆ, ಬದಲಾಯಿಸಿ. ಪೈಪು, ಟ್ರಿಗರ್, ರಿಂಗ್ ಎಲ್ಲವನ್ನೂ ಹೀಗೆ ಬದಲಾಯಿಸಿಕೊಂಡು ಹೋಗಬಹುದು. ಟ್ಯಾಂಕ್ ಮಾತ್ರ ಹಾಗಲ್ಲ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎಂ-ಸೀಲ್ ಹಚ್ಚಿ ಓಡಿಸಬೇಡಿ. ಒಳಗಿರುವುದು ಒತ್ತಡದಲ್ಲಿರುವ ಕೆಮಿಕಲ್, ಹಿಡಿದವನ ಮುಖ ಅದರಿಂದ ಎರಡು ಅಡಿ ದೂರದಲ್ಲಿರುತ್ತದೆ. ನಾಝಲ್, ಕೋಲು ಬಿಚ್ಚಿಟ್ಟುಕೊಂಡು, ಬೇರೆ ಯಾರೂ ಎತ್ತಿಕೊಂಡು ಹೋಗಿ ಬಳಸದಂತೆ ಟ್ಯಾಂಕನ್ನು ಕತ್ತರಿಸಿ ಗುಜರಿಗೆ ಹಾಕಿ.